ಮರಿಸ್ವಾಮಿಯ ಪೈಪ್ ಮುಟ್ಟದ ಮೂಲೆ

ಮಕ್ಕಳ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿರುವ ಅಪ್ಪ-ಅಮ್ಮಂದಿರೇ... ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ.

ಮೈಸೂರು ಕಡೆಯ ಒಂದು ಗಾಲ್ಫ್ ಕ್ಲಬ್. ಅಲ್ಲಿ ಜೀವಮಾನವೆಲ್ಲ ಹುಲ್ಲು ನೋಡಿಕೊಂಡು ನಿವೃತ್ತರಾದವರು ಮರಿಸ್ವಾಮಿ. ಈಗ ಅಲ್ಲೇ ಪಂಪ್‌ಹೌಸ್ ಕಾಯುವ ಕೆಲಸ.

ಅವರ ಮಗಳು ಚೈತ್ರಾ ಕೃಷಿ ಓದಿ ಅದೇ ಕ್ಲಬ್‌ಗೆ ಮೇಲ್ವಿಚಾರಕಿಯಾಗಿ ಬಂದಳು... ಅಪ್ಪನಿಗೆ ಭೂಮಿ ಮೇಲೆ ಕಾಲೇ ನಿಲ್ಲಲಿಲ್ಲ!

ಆದರೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವಳ ಮುಂದೆ ಒಂದು ಪರೀಕ್ಷೆ ಇತ್ತು... ಏಳನೇ ಗ್ರೀನ್.

ಗ್ರೀನ್ ಅಂದರೆ ಚೆಂಡು ಕೊನೆಗೆ ಗುಂಡಿಗೆ ಬೀಳುವ ನುಣುಪಾದ ಹುಲ್ಲಿನ ಜಾಗ. ಹಳೆಯದು ಸತ್ತೇ ಹೋಗಿತ್ತು. ಚೈತ್ರಾ ಅದನ್ನು ಅಗೆಸಿ, ಜಲ್ಲಿ ಹಾಕಿಸಿ, ಮರಳು ತುಂಬಿಸಿ ಹೊಸ ಹುಲ್ಲು ನೆಡಿಸಿದ್ದಳು.

ಅದು ಆಟಕ್ಕೆ ಸಿದ್ಧವಾದರೆ ಕೆಲಸ ಕಾಯಂ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು... ಅಷ್ಟೇ.

ಹುಲ್ಲು ಚಿಗುರಿತು. ಆಗ ಅವಳು ಎಲ್ಲರನ್ನೂ ಕರೆದು ಹೇಳಿದಳು.

"ಇನ್ಮೇಲೆ ಮೂರು ದಿನಕ್ಕೊಂದ್ಸಲ ಮಾತ್ರ ನೀರು. ಮೇಲೆ ಒಣಗಿದ್ರೇನೇ ಬೇರು ನೀರು ಹುಡುಕ್ಕೊಂಡು ಕೆಳಗಿಳಿಯೋದು. ಅಯ್ಯೋ ಪಾಪ ಅಂತ ಯಾರೂ ಪೈಪ್ ಹಿಡೀಬೇಡಿ."

ಇದು ಮರಿಸ್ವಾಮಿಗೆ ಗೊತ್ತಿಲ್ಲದ್ದೇನಲ್ಲ. ಬೇರೆ ಯಾರ ಹುಲ್ಲಾಗಿದ್ದರೂ ಅವರೂ ಹಾಗೇ ಮಾಡುತ್ತಿದ್ದರು... ಆದರೆ ಇದು ಮಗಳ ಹುಲ್ಲು!

ಮಧ್ಯಾಹ್ನದ ಬಿಸಿಲಿಗೆ ಅದು ಬಾಡುವುದನ್ನು ಕಂಡರೆ ಅವರ ಕರುಳು ಚುರ್ ಅನ್ನುತ್ತಿತ್ತು. ಇದು ಒಣಗಿಹೋದರೆ ನನ್ನ ಮಗಳ ಗತಿ ಏನು?

ಮಾರನೇ ದಿನ ಬೆಳಕು ಹರಿಯುವ ಮುನ್ನವೇ ಪಂಪ್‌ಹೌಸ್‌ನಿಂದ ಪೈಪ್ ಎಳೆದರು. ಒಂದು ಸಲ... ಅದರ ಮಾರನೇ ದಿನ ಇನ್ನೊಂದು ಸಲ... ಆಮೇಲೆ ದಿನಾ ಅದೇ ಆಯಿತು.

ಪೈಪ್ ಮುಟ್ಟದ ಹಿಂದಿನ ಮೂಲೆ ಮಾತ್ರ ಕೆಂಚಗಾಗಿ ಹೋಯಿತು. ಉಳಿದದ್ದೆಲ್ಲ ಕಣ್ಣು ಕುಕ್ಕುವಂಥ ಹಸಿರು!

"ಈ ವರ್ಷ ಇಬ್ಬನಿ ಜಾಸ್ತಿ ಅಲ್ವಾಪ್ಪಾ?" ಎಂದು ಮಗಳು ಒದ್ದೆ ಹುಲ್ಲು ಮುಟ್ಟಿ ಕೇಳಿದಾಗ, "ಹ್ಞೂಂ ಕಣವ್ವ" ಎಂದುಬಿಟ್ಟರು.

ಪರೀಕ್ಷೆಯ ದಿನ ಬಂತು. ಕ್ಲಬ್ ಸೆಕ್ರೆಟರಿ ಉತ್ತಪ್ಪನವರು ಗ್ರೀನ್ ನೋಡಿ ತಲೆದೂಗಿದರು.

"ನೋಡೋಕೆ ಚೆನ್ನಾಗಿದೆಯಮ್ಮ. ಕಟರ್ ಹಾಕು... ಬೇರು ನೋಡೋಣ."

ಕಟರ್ ಅಂದರೆ ಗುಂಡಿ ತೋಡುವ ಕೊಳವೆ. ನೆಲಕ್ಕೆ ಒತ್ತಿ ತಿರುಗಿಸಿ ಎತ್ತಿದರೆ ಹುಲ್ಲು, ಬೇರು, ಮಣ್ಣು ಒಂದೇ ಮುದ್ದೆಯಾಗಿ ಬರಬೇಕು.

ಚೈತ್ರಾ ನಡುಮಧ್ಯೆ ಒತ್ತಿದಳು... ತಿರುಗಿಸಿದಳು... ಎತ್ತಿದಳು.

ಮರಳೆಲ್ಲ ಜರ್ರನೆ ಸುರಿದುಹೋಯಿತು! ಅವಳ ಕೈಯಲ್ಲಿ ಉಳಿದದ್ದು ಒಂದು ತೆಳ್ಳನೆಯ ಹುಲ್ಲಿನ ಬಿಲ್ಲೆ. ಅದರಲ್ಲಿ ಬೇರು ಇರಲೇ ಇಲ್ಲ ಅನ್ನಬೇಕು.

ಇನ್ನೊಂದು ಕಡೆ ಹಾಕಿದಳು... ಅಲ್ಲೂ ಅದೇ ಕಥೆ.

"ಇದರ ಮೇಲೆ ನಾಲ್ಕು ಜನ ನಡೆದ್ರೆ ಕಿತ್ತು ಬರುತ್ತೆ. ಕಮಿಟಿಗೆ ನಾನು ಏನಂತ ಹೇಳ್ಲಿ?" ಉತ್ತಪ್ಪನವರ ದನಿ ಗಡುಸಾಯಿತು.

ಚೈತ್ರಾಳ ಮುಖದಲ್ಲಿ ರಕ್ತವೇ ಇರಲಿಲ್ಲ. ಗ್ರೀನ್ ಸುತ್ತ ಕಟ್ಟಿದ್ದ ಹಗ್ಗದಾಚೆ ಮರಿಸ್ವಾಮಿ ನಿಂತು ನೋಡುತ್ತಿದ್ದರು.

"ಆ ಕೆಂಚಗಿರೋ ಮೂಲೆ ಏನು? ಅದನ್ನೂ ನೋಡೇಬಿಡೋಣ" ಎಂದರು ಉತ್ತಪ್ಪನವರು.

'ಅಯ್ಯೋ ಶಿವನೇ... ಅದು ಬೇಡ' ಎಂದು ಮರಿಸ್ವಾಮಿ ಮನಸ್ಸಿನಲ್ಲೇ ಬೇಡಿಕೊಂಡರು.

ಚೈತ್ರಾ ಆ ಮೂಲೆಗೆ ಹೋಗಿ ಕಟರ್ ಒತ್ತಿದಳು. ಎತ್ತಲು ಹೋದರೆ... ಬರಲಿಲ್ಲ!

ಹಲ್ಲು ಕಚ್ಚಿ ಎಳೆದಳು. ಮುದ್ದೆ ಗಟ್ಟಿಯಾಗಿ, ಇಡಿಯಾಗಿ ಬಂತು. ಅದರ ಬುಡದಲ್ಲಿ ಬೆಳ್ಳನೆಯ ಬೇರುಗಳು ಜೋತಾಡುತ್ತಿದ್ದವು.

"ಅದೇ ಮರಳು... ಅದೇ ಹುಲ್ಲು... ನಂಗೆ ಅರ್ಥಾನೇ ಆಗ್ತಿಲ್ಲ ಸಾರ್" ಎಂದು ಅವಳು ಅಳುವಂತಾದಳು.

ಮರಿಸ್ವಾಮಿಗೆ ಅರ್ಥವಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ... ಮಗಳ ಬದುಕು ಮಾತ್ರ ಹೋಗುತ್ತಿತ್ತು.

"ತಪ್ಪು ಅವಳ್ದಲ್ಲ ಸಾರ್!" ಅವರು ಕೈಮುಗಿದರು. "ನೀರು ಬಿಟ್ಟಿದ್ದು ನಾನು. ದಿನಾ ಬಿಟ್ಟೆ... ಆ ಮೂಲೆ ಒಂದಕ್ಕೆ ನನ್ ಪೈಪ್ ಮುಟ್ಟಲಿಲ್ಲ."



ಚೈತ್ರಾ ನಿಧಾನವಾಗಿ ತಿರುಗಿದಳು. "ಅಪ್ಪಾ... ನಿಂಗೆ ನನ್ಮೇಲೆ ನಂಬಿಕೆ ಇರ್ಲಿಲ್ವಾ?"

ಆ ಒಂದು ಮಾತಿಗೆ ಮರಿಸ್ವಾಮಿ ಕುಸಿದು ಕೂತರು. "ಇತ್ತು ಕಣವ್ವ... ಆದ್ರೆ ಭಯ ಅದಕ್ಕಿಂತ ಜಾಸ್ತಿ ಇತ್ತು" ಎಂದು ಮಗುವಿನಂತೆ ಅತ್ತುಬಿಟ್ಟರು.

ಉತ್ತಪ್ಪನವರು ಕೈ ಚಾಚಿದರು. "ಪಂಪ್‌ಹೌಸ್ ಬೀಗದಕೈ ಕೊಡಿ ಮರಿಸ್ವಾಮಿ. ಚೈತ್ರಾ, ನಿನಗೆ ಇನ್ನೊಂದು ತಿಂಗಳು."

ಆ ತಿಂಗಳು ಮರಿಸ್ವಾಮಿ ಪಟ್ಟ ಸಂಕಟ ದೇವರಿಗೇ ಪ್ರೀತಿ. ಹುಲ್ಲು ಬಾಡುತ್ತಿತ್ತು, ಮಗಳು ಬಿಸಿಲಲ್ಲಿ ಒಬ್ಬಳೇ ಓಡಾಡುತ್ತಿದ್ದಳು... ಅವರು ಮಾತ್ರ ಕೈ ಕಟ್ಟಿ ನಿಂತಿದ್ದರು.

ತಿಂಗಳು ಕಳೆದು ಮತ್ತೆ ಎಲ್ಲರೂ ಸೇರಿದರು. ಚೈತ್ರಾ ಹಗ್ಗದ ಹತ್ತಿರ ಬಂದು ಕಟರನ್ನು ಅಪ್ಪನ ಮುಂದೆ ಹಿಡಿದಳು.

"ಈ ಸಲ ನೀನೇ ಹಾಕಪ್ಪ."

ಮರಿಸ್ವಾಮಿ ಕಣ್ಣೊರೆಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಬೇಡ ಕಣವ್ವ... ನೀನೇ ಹಾಕು. ನಾನು ಇಲ್ಲೇ ನಿಂತ್ಕೊಂಡು ನೋಡ್ತೀನಿ."

ನಡುಮಧ್ಯೆ ಇಳಿದ ಕಟರ್ ಅಷ್ಟು ಸುಲಭವಾಗಿ ಮೇಲೆ ಬರಲಿಲ್ಲ!

*

ಮಕ್ಕಳು ಬಾಡಿದಾಗಲೆಲ್ಲ ನೀರು ಹಿಡಿದು ಓಡಬೇಡಿ... ಬೇರು ಇಳಿಯುವುದು ಆಗಲೇ.

ನಿಮ್ಮ ಕೈಯಲ್ಲೂ ಇವತ್ತು ಅಂಥದ್ದೊಂದು ಪೈಪ್ ಇದೆಯೇ?