ಗೋಡೆಯೊಳಗಿನ ಪೈಪು

ನಮ್ಮ ಮನೆಯ ಹೆಣ್ಣು ಡಿಗ್ರಿ ಮಾಡುವುದು ಆಗದ ಮಾತು ಎಂದವರು ದೊಡ್ಡಪ್ಪ. ನೆನೆದ ಕೊಬ್ಬರಿಯ ಮುಗ್ಗಲು ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ದೊಡ್ಡಪ್ಪ ಆಗಷ್ಟೇ ನಮಗೆಲ್ಲ ಸೇರಿಸಿ ಸಿಮೆಂಟಿನ ಮನೆ ಕಟ್ಟಿಸಿದ್ದರು. ಮಣ್ಣಿನ ಗೋಡೆಗೆ ಬೇಕಾದಲ್ಲಿ ಗೂಟ ಹೊಡೆದು ರೂಢಿಯಿದ್ದ ಅಪ್ಪ, ನನ್ನ ಸ್ಕೂಲ್ ಬ್ಯಾಗು ನೇತುಹಾಕಲು ಹೊಸ ಗೋಡೆಗೂ ಹಾಗೇ ಉಳಿ ಇಟ್ಟು ಹೊಡೆದರು. ಒಳಗಿದ್ದ ನೀರಿನ ಪೈಪು ಒಡೆದು, ತಿಪಟೂರಿಗೆ ಹೋಗಬೇಕಿದ್ದ ಕೊಬ್ಬರಿ ಚೀಲಗಳ ಮೇಲೆ ನೀರು ಚಿಮ್ಮಿತು. ಅಪ್ಪ ಅಂಗೈಯಲ್ಲಿ ತೂತು ಒತ್ತಿ ನಿಂತರು.

ದೊಡ್ಡಪ್ಪ ಮೊದಲು ಚೀಲಗಳನ್ನು ಆಚೆ ಎಳೆದರು. ಆಮೇಲೆ ನನ್ನತ್ತ ತಿರುಗಿ, “ಬುಕ್ಕು ಹರ್ಕೊಡೇ, ತೂತಿಗೆ ತುರುಕ್ತೀನಿ. ಇದಕ್ಕಾದ್ರೂ ಆಗ್ಲಿ ನಿನ್ ಓದು,” ಎಂದರು.

ಅಪ್ಪನ ಮುಖ ನೋಡಿದೆ. “ಕೊಡು ಕಣವ್ವ,” ಎಂದರು ಅಪ್ಪ.

ಒಂದೊಂದೇ ಹಾಳೆ ಹರಿದು ಕೊಟ್ಟೆ. ಅವು ನೆನೆದು ಮುದ್ದೆಯಾಗಿ ಉದುರುತ್ತಿದ್ದವು. ಬ್ಯಾಗು ಖಾಲಿಯಾದ ಮೇಲೆ ದೊಡ್ಡಪ್ಪ ಹೋಗಿ ಬಾಗಿಲ ಪಕ್ಕದಲ್ಲಿದ್ದ ವಾಲ್ವ್ ತಿರುಗಿಸಿದರು. ನೀರು ನಿಂತಿತು.

ನಮ್ಮ ವಂಶದಲ್ಲಿ ಡಿಗ್ರಿ ಪಾಸಾದ ಮೊದಲನೆಯವಳು ನಾನೇ. ಸರ್ಟಿಫಿಕೇಟ್ ತಂದು ದೊಡ್ಡಪ್ಪನ ಕೈಗೇ ಕೊಟ್ಟೆ. ಅವರು ಹೆಬ್ಬೆರಳಿನಿಂದ ಅದರ ಅಂಚು ಸವರಿ ನೋಡಿದರು.

“ಪೇಪರ್ ಗಟ್ಟಿಯಾಗೈತೆ ಕಣವ್ವ. ಅವತ್ತು ಇಂಥದ್ದು ಇದ್ದಿದ್ರೆ ನೀರು ನಿಂತೋಗ್ತಿತ್ತು.”