ಎರಡು ಹಲ್ಲು

“ಅಯ್ಯೋ ಅಕ್ಕ, ಹೆಣ್ಣು ಎಲ್ಕ್ ಹೊಡ್ದಿದ್ದೀಯಲ್ಲೇ! ಕೊಂಬೇ ಇಲ್ಲ. ಗೋಡೆಗೆ ಏನ್ ನೇತುಹಾಕ್ತೀಯ, ಬಾಲಾನಾ?” ಎಂದು ಡಾರೆಲ್ ಹಿಮದಲ್ಲಿ ನಿಂತು ನಕ್ಕ. ಅವನ ಮನೆಗೋಡೆಯ ಕವಲುಕೊಂಬುಗಳನ್ನು ನೋಡಲೆಂದೇ ಮೊಂಟಾನಾದ ಆ ಕಣಿವೆಯ ಜನ ಬರುತ್ತಿದ್ದರು.

“ಬಾಯಿ ಮುಚ್ಕೊಂಡು ದವಡೆ ಹಿಡ್ಕೋ,” ಎಂದಳು ಲೊರೆಟಾ. ಸತ್ತ ಆ ಎಲ್ಕ್ ಜಿಂಕೆಯ ಮೇಲ್ದವಡೆಗೆ ಅಪ್ಪನ ಹಳೆಯ ಚಾಕು ಹಾಕಿ, ಆನೆದಂತದಂತೆ ಹೊಳೆಯುವ ಎರಡು ಗುಂಡು ಹಲ್ಲುಗಳನ್ನು ಮೀಟಿ ತೆಗೆದಳು. ಅಪ್ಪ ಎಂದೂ ಕೊಂಬನ್ನು ಮನೆಗೆ ತಂದವನಲ್ಲ. ಮಾಂಸವನ್ನು ಅಮ್ಮನಿಗೊಪ್ಪಿಸಿ, ಕಾದು ನಿಂತ ಇಬ್ಬರು ಮಕ್ಕಳ ಅಂಗೈಗೂ ಒಂದೊಂದು ಹಲ್ಲು ಹಾಕುತ್ತಿದ್ದ.

ಲೊರೆಟಾ ಎರಡನ್ನೂ ಒರೆಸಿ ಜೇಬಿಗಿಳಿಸಲು ಹೊರಟಳು. ಡಾರೆಲ್‌ನ ನಗು ಯಾವಾಗಲೋ ನಿಂತಿತ್ತು. ಅರವತ್ತು ದಾಟಿದ ಆ ಮನುಷ್ಯ ಕೈಗವಸು ಕಳಚಿ, ಅಂಗೈ ಚಾಚಿದ.

“ದೊಡ್ಡದು ನಂಗೆ ಕಣೇ, ಅಕ್ಕ.”