ಬಿಸಿಲಿಗಿಟ್ಟ ಪ್ಲೇಟು

ಒಡವೆ ಮಾಡುವ ಪತ್ತಾರರ ಅಂಗಡಿಯಲ್ಲಿ ಅರಗು ಕಾಯ್ದ ವಾಸನೆ ಬಂದರೆ ಈಗಲೂ ನನಗೆ ಯರಗುಪ್ಪಿಯ ನಮ್ಮ ಮಾಳಿಗೆ ನೆನಪಾಗುತ್ತದೆ.

ಕಾಕಾನ ಗ್ರಾಮಫೋನು ಮುಟ್ಟುವ ಹಕ್ಕು ಮಕ್ಕಳಲ್ಲಿ ಅಕ್ಕನಿಗೆ ಮಾತ್ರ ಇತ್ತು. ಒಂದು ಮಧ್ಯಾಹ್ನ ಅವಳು ಹೊಲಕ್ಕೆ ಹೋದಾಗ ನಾನು ಬೆಲ್ಲ ತಿಂದ ಕೈಯಿಂದಲೇ ಅವಳ ಮೆಚ್ಚಿನ ಹಾಡಿದ್ದ ಅರಗಿನ ಪ್ಲೇಟು ತೆಗೆದೆ. ಅಂಟಾಯಿತೆಂದು ಅರೆಬರೆ ತೊಳೆದು, ಮಾಳಿಗೆಯ ಮೇಲೆ ಮೆಣಸಿನಕಾಯಿಯ ಪಕ್ಕ ಒಣಗಲು ಇಟ್ಟೆ. ಸಂಜೆಗೆ ಅದು ಹಿಟ್ಟು ನಾದುವ ಪರಾತದಂತೆ ಬಾಗಿತ್ತು, ಅರಗಿನ ವಾಸನೆ ಬರುತ್ತಿತ್ತು.

"ಯಾರಲೇ ಇದನ್ನ ಹಪ್ಪಳದಂಗ ಒಣಾಕ ಹಾಕಿದವರು?" ಎಂದ ಕಾಕಾ.

ನಾನು ಅಕ್ಕನತ್ತ ಬೆರಳು ಮಾಡಿದೆ. ಅಕ್ಕ ಆ ಬೆರಳನ್ನೇ ನೋಡಿದಳು, ನನ್ನ ಹೆಸರು ಹೇಳಲಿಲ್ಲ.

"ಇನ್ನ ನೀ ಹಾಡಿನ ಪೆಟ್ಟಿಗಿ ಮುಟ್ಟಬ್ಯಾಡ" ಎಂದು ಕಾಕಾ ಅವಳಿಗೆ ಹೇಳಿದ.

"ಆತ್ರಿ ಕಾಕಾ. ಹಾಡು ಮಾತ್ರ ನನ್ನ ಕಡೆ ಐತ್ರಿ" ಎಂದು ಅಕ್ಕ ನಿಂತಲ್ಲೇ ಹಾಡಿದಳು. ಗ್ರಾಮಫೋನಿನ ಮುಳ್ಳು ಸಿಕ್ಕಿಕೊಳ್ಳುತ್ತಿದ್ದ ಸಾಲನ್ನು ಪ್ಲೇಟಿನಂತೆಯೇ ಮೂರು ಸಲ ಹಾಡಿದಳು. ಕಾಕಾ ನಕ್ಕು, ಚಾವಿ ತಿರುಗಿಸುವ ಹಿಡಿಕೆಯನ್ನು ಮತ್ತೆ ಅವಳ ಕೈಗೇ ಕೊಟ್ಟ. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಮೊಮ್ಮಗಳು ಅಕ್ಕನ ಹಾಡನ್ನು ಮೊಬೈಲಿನಲ್ಲಿ ತುಂಬಿಕೊಂಡಳು. ಆ ಸಾಲು ಈಗಲೂ ಮೂರು ಸಲ.

"ಅಕ್ಕಾ, ಆ ಪ್ಲೇಟು ನಾನ ಇಟ್ಟಿದ್ದೆ" ಎಂದೆ.

"ಗೊತ್ತಿತ್ತಬೇ. ಪ್ಲೇಟಿಗೂ ನಿನ್ನ ಬೆರಳಿಗೂ ಬೆಲ್ಲ ಹತ್ತಿತ್ತಲ್ಲ" ಎಂದು ಅಕ್ಕ ಮೊಬೈಲನ್ನು ನನ್ನತ್ತ ಸರಿಸಿದಳು. "ಬಾ, ಈ ಸಲ ನೀನೂ ಹಾಡು."